ಐದು ಕೊಡತಿಗಳು, ನಾಲ್ಕು ಭೂಭಾಗಗಳು

ಲೋಕ ಸಂಸ್ಕೃತಿ ಸಂಗ್ರಹಾಲಯದ ಮರುವಿಂಗಡಣಾ ಅಧಿಕಾರಿಗಳಿಗೆ,

ಮಾನ್ಯರೇ,

ಬರುವ ಇಪ್ಪತ್ತೆರಡನೆಯ ತಾರೀಖು ತಮ್ಮ ಕಚೇರಿ ಐವರು ಅಣ್ಣತಮ್ಮಂದಿರನ್ನು ಬೇರೆ ಮಾಡಲಿದೆ. ಅವರಲ್ಲಿ ಯಾರೂ ಈಗ ಬದುಕಿಲ್ಲ. ಆದ್ದರಿಂದ ಕಾನೂನಿನ ತೊಡಕೇನೂ ಇರಲಾರದು. ಉಳಿದಿರುವುದು ಅವರ ಐದು ಕೊಡತಿಗಳು. ತಮ್ಮ ಆದೇಶದ ಪ್ರಕಾರ ಅವುಗಳಲ್ಲಿ ನಾಲ್ಕು, ಒಂದೊಂದೂ ಒಂದೊಂದು ಭೂಭಾಗದ ಸಂಸ್ಕೃತಿಗೆ ಸೇರಿದ್ದೆಂದು ತೀರ್ಮಾನವಾಗಿ, ನಾಲ್ಕು ಊರುಗಳ ನಾಲ್ಕು ಶಾಖೆಗಳಿಗೆ ಹೋಗುತ್ತವೆ. ಐದನೆಯದು ಯಾವ ಭೂಭಾಗಕ್ಕೂ ಸೇರದ ಕಾರಣ ವಿಲೇವಾರಿ ಪಟ್ಟಿಯಲ್ಲಿದೆ. ಆ ಐದನೆಯದು ನನ್ನ ತಾತನದು. ಈ ವಿಂಗಡಣೆ ತಪ್ಪು. ಹೇಗೆ ತಪ್ಪೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಮಾಡಿದವಳು ನಾನು.

ಇದಕ್ಕೆ ಮೊದಲು ತಮಗೆ ಮೂರು ಪತ್ರ ಬರೆದಿದ್ದೇನೆ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಹಾಗಾಗಿ ಆ ಮೂರೂ ಇಂಗ್ಲಿಷಿನಲ್ಲಿದ್ದವು, ಒಳ್ಳೆಯ ಇಂಗ್ಲಿಷಿನಲ್ಲಿ. ತಮ್ಮ ಉತ್ತರಗಳೂ ಅಷ್ಟೇ ಒಳ್ಳೆಯ ಇಂಗ್ಲಿಷಿನಲ್ಲಿದ್ದವು. ಇಬ್ಬರು ಸಭ್ಯರು ಬಾಗಿಲಲ್ಲಿ ನಿಂತು 'ನೀವು ಮೊದಲು, ನೀವು ಮೊದಲು' ಎನ್ನುತ್ತ ಯಾರೂ ಒಳಗೆ ಹೋಗದ ಹಾಗೆ ಆಯಿತು ಅದು. ಈ ನಾಲ್ಕನೆಯದನ್ನು ಮನೆಯ ಮಾತಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಇದನ್ನು ನನ್ನ ಸೋದರತ್ತೆಗೆ ಓದಿ ಹೇಳಬೇಕು ಎಂಬುದು ಒಂದು ಕಾರಣ. ಇಂಗ್ಲಿಷಿನಲ್ಲಿ ಬರೆದಾಗ ನನ್ನ ತಪ್ಪು ನನಗೇ ಸಣ್ಣದಾಗಿ ಕಾಣುತ್ತಿತ್ತು ಎಂಬುದು ಇನ್ನೊಂದು.

ಕೊಡತಿ ಎಂದರೆ ಏನು ಮಹಾ, ಮರದ ಸುತ್ತಿಗೆ ತಾನೆ ಎಂದು ಓದುಗರು ಕೇಳಬಹುದು. ಹೌದು, ಮರದ ಸುತ್ತಿಗೆ. ಮರದ ಹಡಗುಗಳಿದ್ದ ಕಾಲದಲ್ಲಿ ಹಲಗೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ನಾರು ತುಂಬಿ, ಉಳಿಯಿಟ್ಟು ಬಡಿದು, ಮೇಲೆ ರಾಳ ಹುಯ್ಯುವ ಕೆಲಸ ಒಂದಿತ್ತು. ಆ ಕೆಲಸ ಮಾಡುವವರನ್ನು ಹಡಗುಕಟ್ಟೆಗಳಲ್ಲಿ ಸಂದಿಯವರು ಎನ್ನುತ್ತಿದ್ದರು. ನಮ್ಮ ಮನೆಯವರು ಸಂದಿಯವರು. ಅವರಿಗೆ ಊರಿರಲಿಲ್ಲ. ಹಡಗು ಎಲ್ಲಿ ಸೋರುತ್ತದೋ ಅಲ್ಲಿಗೆ ಹೆಂಡತಿ ಮಕ್ಕಳು, ಪಾತ್ರೆ ಪಗಡೆ ಸಮೇತ ಹೋಗುವುದು. ಕೆಲಸ ಮುಗಿದರೆ ಅದೇ ಹಡಗಿನಲ್ಲಿ ಮುಂದಿನ ಕಟ್ಟೆಗೆ. ಅತ್ತೆ ಹುಟ್ಟಿದ್ದು ಒಂದು ಕಟ್ಟೆಯಲ್ಲಿ, ನನ್ನ ಅಪ್ಪ ಹುಟ್ಟಿದ್ದು ಹದಿನೆಂಟು ದಿನದ ದಾರಿಯಾಚೆಯ ಇನ್ನೊಂದರಲ್ಲಿ. ತಮ್ಮ ಹೊಸ ನಕ್ಷೆಯ ಪ್ರಕಾರ ಒಡಹುಟ್ಟಿದ ಅವರಿಬ್ಬರದು ಎರಡು ಸಂಸ್ಕೃತಿ. ಒಂದೇ ತಟ್ಟೆಯಲ್ಲಿ ಕಿತ್ತಾಡಿಕೊಂಡು ಉಂಡದ್ದು ಬಹುಶಃ ಸಾಂಸ್ಕೃತಿಕ ವಿನಿಮಯ.

ಆ ಕೊಡತಿಯ ತಲೆಯಲ್ಲಿ ಎರಡು ಕಡೆ ಉದ್ದಕ್ಕೆ ಸೀಳು ಇರುತ್ತದೆ. ಬಡಿದಾಗ ಅದು ಹಾಡುತ್ತದೆ. ಸಂದಿ ಬಿಗಿಯಾಗಿದ್ದರೆ ಒಂದು ದನಿ, ಸಡಿಲವಿದ್ದರೆ ಇನ್ನೊಂದು. ಸೀಳನ್ನು ಪ್ರತಿಯೊಬ್ಬನೂ ತನ್ನ ಕೈಯಿಂದಲೇ ಕೊಯ್ದುಕೊಳ್ಳುತ್ತಿದ್ದ. ಆದ್ದರಿಂದ ಯಾವ ಎರಡು ಕೊಡತಿಯ ದನಿಯೂ ಒಂದೇ ಅಲ್ಲ. ಐವರೂ ಹಡಗಿನ ಸುತ್ತ ನಿಂತು, ಯಜಮಾನ ಮೊದಲು ಬಡಿದರೆ ಎರಡನೆಯವನು, ಆಮೇಲೆ ಮೂರನೆಯವನು, ಹೀಗೆ ಸರದಿಯಲ್ಲಿ ಬಡಿಯುತ್ತ ಸುತ್ತುತ್ತಿದ್ದರು. ಹಡಗಿನ ಆಚೆ ಬದಿಯಲ್ಲಿರುವವನು ಕಾಣುವುದಿಲ್ಲವಲ್ಲ, ದನಿಯಿಂದಲೇ ಅವನಿದ್ದಾನೆಂದು ತಿಳಿಯಬೇಕು. ಕೊನೆಯ ಬಡಿತ ತಾತನದು, ಅವರೇ ಕಿರಿಯರು. ಮಧ್ಯಾಹ್ನ ಬುತ್ತಿ ಹೊತ್ತು ಹೋಗುತ್ತಿದ್ದ ಅತ್ತೆ ಹಡಗಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತು, ಇದು ಯಜಮಾನ ದೊಡ್ಡಪ್ಪ, ಇದು ಉದ್ದ ದೊಡ್ಡಪ್ಪ, ಇದು ಮೂಗ ದೊಡ್ಡಪ್ಪ, ಇದು ನಗೆ ದೊಡ್ಡಪ್ಪ, ಇದು ಅಪ್ಪ ಎಂದು ಎಣಿಸುತ್ತಿದ್ದರಂತೆ. ಐವರ ದನಿಯನ್ನೂ ಗುರುತಿಸಬಲ್ಲವರು ಲೋಕದಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಅವರಿಗೆ ಎಂಬತ್ತೊಂದು.

ಇನ್ನು ನನ್ನ ತಪ್ಪಿನ ಕಥೆ.

ಹತ್ತೊಂಬತ್ತು ವರ್ಷದ ಹಿಂದೆ ತಮ್ಮ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನಾನು ಹಂಗಾಮಿ ಪಟ್ಟಿಕಾರ್ತಿಯಾಗಿದ್ದೆ. ಹಳೆಯ ರಟ್ಟಿನ ಕಾರ್ಡುಗಳಲ್ಲಿದ್ದುದನ್ನು ಹೊಸ ಫಾರಂಗೆ ಇಳಿಸುವುದು ಕೆಲಸ. ಒಂದು ವಸ್ತುವಿಗೆ ಒಂದು ಫಾರಂ, ಒಂದು ಫಾರಂನಲ್ಲಿ ಒಂದೇ ಭೂಭಾಗ. ಒಟ್ಟು ಎಂಟು ಭೂಭಾಗಗಳು, ಎಂಟಕ್ಕೂ ಒಂದೊಂದು ಬಣ್ಣ, ಮಹಡಿಯ ಮೇಲೆ ಎಂಟು ಕೋಣೆ. ಬೇಸಗೆಯ ಒಂದು ಮಧ್ಯಾಹ್ನ ನನ್ನ ಮೇಜಿಗೆ ಹಾಯಿಬಟ್ಟೆಯ ಒಂದು ಚೀಲ ಬಂತು. ಒಳಗೆ ಐದು ಕೊಡತಿ. ಕಾರ್ಡಿನಲ್ಲಿ ಹೀಗಿತ್ತು: 'ಒಂದು ಚೀಲ, ಐದು ಕೊಡತಿ, ಒಂದೇ ಮನೆಯವು. ಕೊನೆಯ ಹಡಗುಕಟ್ಟೆ ಮುಚ್ಚಿದಾಗ ಕಿರಿಯ ಸಹೋದರನು ಕೊಟ್ಟದ್ದು. ಒಟ್ಟಿಗೆ ಇಡಬೇಕೆಂದು ದಾನಿಯ ಕೋರಿಕೆ.' ನಾಲ್ಕರ ಹಿಡಿಯ ಮೇಲೆ ಸುಟ್ಟು ಒತ್ತಿದ ಮುದ್ರೆಗಳಿದ್ದವು. ಒಂದರ ಮೇಲೆ ಬಳೆ, ಒಂದರ ಮೇಲೆ ಮೂರು ಓರೆಗೆರೆ, ಒಂದರ ಮೇಲೆ ಗಾಳ, ಒಂದರ ಮೇಲೆ ಎರಡು ಹಲ್ಲಿನ ಬೀಗದ ಕೈ. ಹಡಗುಕಟ್ಟೆಗಳ ಮುದ್ರೆಗಳ ಪುಸ್ತಕ ನಮ್ಮಲ್ಲಿತ್ತು. ತೆರೆದು ನೋಡಿದರೆ ನಾಲ್ಕೂ ಬೇರೆ ಬೇರೆ ಬಂದರು, ಬೇರೆ ಬೇರೆ ಭೂಭಾಗ. ಐದನೆಯದರ ಹಿಡಿ ಖಾಲಿ.

ನಾನು ಎದ್ದು ಹಿರಿಯ ಪಟ್ಟಿಕಾರರ ಬಳಿ ಹೋದೆ. ಒಳ್ಳೆಯ ಮನುಷ್ಯ, ಮಧ್ಯಾಹ್ನದ ಹೊತ್ತು ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದವರು.

"ಸಾರ್, ಇವು ಒಟ್ಟಿಗೆ ಬಂದಿರೋದು. ಭೂಭಾಗದ ಕಾಲಮ್ಮಿಗೆ ಸಮುದ್ರ ಅಂತ ಹಾಕ್ಲಾ?"

"ಸಮುದ್ರದಲ್ಲಿ ಯಾರಮ್ಮ ಇರ್ತಾರೆ, ಮೀನು ಬಿಟ್ಟು?"

"ಇವರು ಹಡಗಿನವರು, ಸಾರ್."

"ಹಡಗು ನಿಲ್ಲೋದು ನೆಲದ ಪಕ್ಕಾನೇ ತಾನೆ. ಮುದ್ರೆ ಇದೆಯಲ್ಲ, ಅದು ಯಾವ ಊರು ನೋಡಿ ಹಾಕು. ಕಾಲಮ್ಮು ಖಾಲಿ ಬಿಟ್ರೆ ಕಂಪ್ಯೂಟರು ಮುಂದೆ ಹೋಗಲ್ಲ."

"ಒಟ್ಟಿಗಿಡಬೇಕು ಅಂತ ಕೊಟ್ಟವರು ಕೇಳಿದ್ದಾರೆ."

"ಅದಕ್ಕೆ ಕಾಲಮ್ಮಿದೆಯಾ?"

ಇರಲಿಲ್ಲ. ಐದು ಫಾರಂ ತುಂಬಿದೆ. ಬಳೆ ಎರಡನೆಯ ಕೋಣೆಗೆ, ಓರೆಗೆರೆ ಮೂರಕ್ಕೆ, ಗಾಳ ಐದಕ್ಕೆ, ಬೀಗದ ಕೈ ಏಳಕ್ಕೆ ಹೋಯಿತು. ಖಾಲಿ ಹಿಡಿಯದನ್ನೂ ಚೀಲವನ್ನೂ 'ಭೂಭಾಗ ತಿಳಿದಿಲ್ಲ' ಎಂದು ಬರೆದು ನೆಲಮಾಳಿಗೆಯ ಪೆಟ್ಟಿಗೆಗೆ ಹಾಕಿದೆ. ಪ್ರತಿಯೊಂದು ಫಾರಂನ ಕೆಳಗೂ ನನ್ನ ಸಹಿ ಇದೆ. ಆಗಿನ ನನ್ನ ಸಹಿ ಬಹಳ ದುಂಡಗಿತ್ತು.

ಮಾನ್ಯರೇ, ಆ ಚೀಲ ಯಾರದೆಂದು ನನಗೆ ಆಗ ತಿಳಿದಿರಲಿಲ್ಲವೆ? ಈ ಪ್ರಶ್ನೆಯನ್ನು ತಾವು ಕೇಳುವ ಮೊದಲೇ ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. 'ನಮ್ಮ ಚೀಲ ಯಾವುದೋ ಮ್ಯೂಸಿಯಮ್ಮಿನಲ್ಲಿದೆ' ಎಂದು ಅಪ್ಪ ಹೇಳುತ್ತಿದ್ದರು. ಬಸ್ಸಿನ ಕಂಡಕ್ಟರಾಗಿದ್ದ ಅಪ್ಪನಿಗೆ ಹಡಗಿನ ನೆನಪು ಇಷ್ಟೇ ಇಷ್ಟು. ಕಾರ್ಡು ಓದಿದಾಗ ಇದು ನಮ್ಮದೇ ಚೀಲವೆಂದು ಹೊಳೆದದ್ದು ನಿಜ. ಆದರೆ ನಾನು ಯಾರಿಗೂ ಹೇಳಲಿಲ್ಲ. ಮನೆಯ ವಸ್ತುವೆಂದರೆ ಪಕ್ಷಪಾತವಾದೀತು, ಪಟ್ಟಿಕಾರ್ತಿ ತಟಸ್ಥಳಾಗಿರಬೇಕು ಎಂದು ಆಗ ಸಮಾಧಾನ ಹೇಳಿಕೊಂಡೆ. ಈಗ ನಿಧಾನವಾಗಿ ಯೋಚಿಸಿದರೆ ಅದಷ್ಟೇ ಕಾರಣವಲ್ಲ ಅನ್ನಿಸುತ್ತದೆ. ಶಾಲೆಯಲ್ಲಿ 'ನಿಮ್ಮದು ಯಾವ ಊರು' ಎಂದು ಕೇಳಿದಾಗಲೆಲ್ಲ ನಾನು ಸುಳ್ಳು ಹೇಳಿದ್ದೇನೆ. ಬೇರೆ ಮಕ್ಕಳು ಗೋಡೆಯ ನಕ್ಷೆಯ ಬಳಿ ಹೋಗಿ ಬೆರಳಿಟ್ಟು ತೋರಿಸುತ್ತಿದ್ದರು. ನಾನೂ ಹೋಗಿ, ಬಣ್ಣ ಚೆನ್ನಾಗಿದ್ದ ಒಂದು ಕಡೆ ಬೆರಳಿಟ್ಟು ಬಂದೆ. ಹತ್ತೊಂಬತ್ತು ವರ್ಷದ ಹಿಂದೆ ಆ ಫಾರಂಗಳ ಮೇಲೆ ಇಟ್ಟದ್ದೂ ಅದೇ ಬೆರಳೋ ಏನೋ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಭೂಭಾಗವಾರು ವಿಂಗಡಣೆಯನ್ನು ನಾನು ಕೇವಲವಾಗಿ ಕಾಣುವುದಿಲ್ಲ. ಅದಕ್ಕೂ ಮೊದಲು ನಮ್ಮ ಸಂಗ್ರಹಾಲಯದಲ್ಲಿದ್ದ ಏರ್ಪಾಡು ಇದಕ್ಕಿಂತ ಅಸಹ್ಯ: ಲೋಕದ ಜನರನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿದಂತೆ, ಕೆಳಗೆ ಹಿಂದುಳಿದವರು, ಮೇಲೆ ಮುಂದುವರಿದವರು, ತುದಿಯ ಮೆಟ್ಟಿಲಲ್ಲಿ, ಆಶ್ಚರ್ಯವೇನು, ಪಟ್ಟಿ ಬರೆದವರೇ. ಅದನ್ನು ಕಿತ್ತು ಹಾಕಿ ಎಲ್ಲರಿಗೂ ಒಂದೇ ಎತ್ತರದ ಕೋಣೆ ಕೊಟ್ಟವರು ನಮ್ಮ ಹಿಂದಿನವರಲ್ಲಿ ಒಳ್ಳೆಯವರು. ಶಾಲೆಯ ಮಕ್ಕಳಿಗೂ ಅನುಕೂಲ, ಒಂದು ಕೋಣೆಗೆ ಒಂದು ಗಂಟೆ. ಜನ ಮಣ್ಣಿನಿಂದ, ಮಳೆಯಿಂದ, ಅಕ್ಕಪಕ್ಕದವರಿಂದ ರೂಪಗೊಳ್ಳುತ್ತಾರೆ ಎಂಬ ಮಾತಿನಲ್ಲಿ ಸತ್ಯವೂ ಇದೆ. ನನ್ನ ಪ್ರಶ್ನೆ ಇಷ್ಟೇ: ಕೋಣೆಗಳನ್ನು ಕಟ್ಟಿದವರು ನಡುವಿನ ಓಣಿಯನ್ನು ಯಾಕೆ ಮರೆತರು? ಎಂಟು ಭೂಭಾಗಗಳನ್ನು ಕೂಡಿಸಿದರೆ ಲೋಕದ ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ, ಉಳಿದದ್ದು ನೀರು. ಆ ನೀರಿನ ಮೇಲೆ ಹೋದವರು, ಬಂದವರು, ಹೆತ್ತವರು, ಸತ್ತವರು ಯಾವ ಬಾಗಿಲಲ್ಲಿ ನಿಲ್ಲಬೇಕು? ನಡೆಯುವವನನ್ನು ಅವನು ಯಾವ ಹೆಜ್ಜೆಗೆ ಸೇರಿದವನು ಎಂದು ಕೇಳಿದರೆ ಏನು ಹೇಳಿಯಾನು?

ಈಗ ತಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಕೋಣೆಗಳನ್ನೇ ಮುಚ್ಚಿ, ಆಯಾ ಭೂಭಾಗದ ವಸ್ತುಗಳನ್ನು ಆಯಾ ಕಡೆಯ ಶಾಖೆಗಳಿಗೆ ಕಳಿಸುವ ಯೋಜನೆ. 'ಪ್ರತಿ ವಸ್ತುವೂ ತನ್ನ ನೆಲಕ್ಕೆ' ಎಂದು ಮುಂಬಾಗಿಲಲ್ಲಿ ಫಲಕ ಹಾಕಿದ್ದೀರಿ. ಕಿತ್ತು ತಂದದ್ದನ್ನು ಹಿಂದಿರುಗಿಸುವುದು ಧರ್ಮ. ಆ ಫಲಕ ನೋಡಿ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ, ಅವರಿಗಾಗಿ ಸಂತೋಷವೂ ಪಟ್ಟಿದ್ದೇನೆ. ಆದರೆ ನಮ್ಮ ಕೊಡತಿಗಳು ಹೋಗುತ್ತಿರುವ ನೆಲ ಯಾವುದೆಂದು ಹೇಳುತ್ತೇನೆ, ದಯವಿಟ್ಟು ಕೇಳಿ. ಇದು ನನಗೂ ತಿಳಿದದ್ದು ಹೋದ ವರ್ಷ.

ಅಪ್ಪ ತೀರಿಕೊಂಡ ಮೇಲೆ ಅತ್ತೆ ನನ್ನ ಮನೆಗೆ ಬಂದಿದ್ದರು. ಚೀಲ ಇದೇ ಸಂಗ್ರಹಾಲಯದಲ್ಲಿದೆ ಎಂದು ಒಂದು ದಿನ ಬಾಯಿಬಿಟ್ಟೆ. "ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಕೊಂಡಿದ್ದೆಯಲ್ಲೇ, ಮಹಾತಾಯಿ!" ಎಂದು ಬೈದು, ಅಂದೇ ಹೊರಟು ನಿಂತರು. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದೆ. ಬಾಗಿಲು ಕಾಯುವವರನ್ನು ಎಲ್ಲರೂ ಬೀಗದಣ್ಣ ಎನ್ನುತ್ತೇವೆ. ನಾನು ಕೆಲಸಕ್ಕಿದ್ದಾಗಿನಿಂದ ಪರಿಚಯ. ಎರಡನೆಯ ಕೋಣೆಯ ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ನಿಲ್ಲಿಸಿದೆ. ಅತ್ತೆ ಮುಖವನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದರು.

"ಅಯ್ಯೋ, ಇದು ಯಜಮಾನ ದೊಡ್ಡಪ್ಪಂದು ಕಣೇ. ಹಲ್ಲಿನ ಗುರುತು ನೋಡು ಹಿಡೀಲಿ. ಏಣಿ ಹತ್ತೋವಾಗ ಬಾಯಲ್ಲಿ ಕಚ್ಕೊಂಡು ಹತ್ತೋರು." ಆಮೇಲೆ ಕೆಳಗಿನ ಚೀಟಿ ತೋರಿಸಿ, "ಏನು ಬರೆದಿದೆ ಅಲ್ಲಿ?"

ನಾನು ಬರೆದದ್ದನ್ನು ನಾನೇ ಓದಿ ಹೇಳಿದೆ. ಇಂಥ ಭೂಭಾಗದ ಕರಾವಳಿಯ ಸಾಂಪ್ರದಾಯಿಕ ಹಡಗು ಕಸುಬಿನ ಸಾಧನ.

"ಅಲ್ಲಿಯೋರು ಅಂತ ಯಾರು ಹೇಳಿದ್ದು?"

"ಮುದ್ರೆ ಇದೆಯಲ್ಲ ಅತ್ತೆ, ಬಳೆ ಮುದ್ರೆ. ಆ ಕಟ್ಟೇದು."

ಅತ್ತೆ ನನ್ನನ್ನು ನೋಡಿದ ನೋಟವನ್ನು ಹೇಗೆ ಬರೆಯಲಿ? ಕೋಪವಿರಲಿಲ್ಲ. ಚಿಕ್ಕ ಮಗು ಹಾವಿನ ಮರಿಯನ್ನು ಆಟದ ಸಾಮಾನೆಂದು ತಂದು ತೋರಿಸಿದರೆ ನೋಡುವ ಹಾಗೆ ನೋಡಿದರು.

"ಬದುಕಿರೋವಾಗ ಯಾರೂ ಮುದ್ರೆ ಒತ್ತಲ್ಲ ಕಣಮ್ಮ," ಎಂದರು. "ಸತ್ತ ಮೇಲೆ ಒತ್ತೋದು. ಇಲ್ಲಿ ಬಿಟ್ಟು ಬಂದ್ವಿ ಅಂತ ಗುರುತು. ಗೋರಿ ಕಾಯೋಕೆ ನಾವು ಅಲ್ಲಿ ಇರ್ತೀವಾ? ಕಟ್ಟೆಯಲ್ಲಿ ಮುದ್ರೆ ಕೇಳಿ ಇಸ್ಕೊಂಡು, ಕಾಯಿಸಿ, ಅವರ ಕೊಡತಿಗೆ ಒತ್ತಿ, ಜೊತೇಲಿ ತಗೊಂಡು ಹೋಗ್ತಿದ್ವಿ."

ನಾಲ್ಕು ಮುದ್ರೆ, ನಾಲ್ಕು ಸಾವು. ಅವರು ಉಸಿರು ಬಿಟ್ಟ ಜಾಗವನ್ನು ನಾನು ಅವರ ಸಂಸ್ಕೃತಿ ಎಂದು ಬರೆದಿದ್ದೆ. ಹಿಡಿ ಖಾಲಿ ಇದ್ದದ್ದು ಯಾಕೆಂದು ಆಗ ಹೊಳೆಯಿತು: ತಾತ ಕೊನೆಯವರು. ಬದುಕಿರುವಾಗಲೇ ಅವರು ಚೀಲ ಕೊಟ್ಟುಬಿಟ್ಟಿದ್ದರು, ಆಮೇಲೆ ಅವರ ಕೊಡತಿಗೆ ಮುದ್ರೆ ಒತ್ತುವ ಅಣ್ಣತಮ್ಮಂದಿರು ಯಾರೂ ಉಳಿದಿರಲಿಲ್ಲ. ಅದಕ್ಕೇ ಅವರು ತಮ್ಮ ಪಟ್ಟಿಯಲ್ಲಿ 'ತಿಳಿದಿಲ್ಲ'.

ಗಾಳದ ಮುದ್ರೆಯ ಮುಂದೆ, ಐದನೆಯ ಕೋಣೆಯಲ್ಲಿ, ಅತ್ತೆ ಬಹಳ ಹೊತ್ತು ಕುಳಿತರು. ಅದು ಮೂಗ ದೊಡ್ಡಪ್ಪನದು. ಮೂಗರೇನಲ್ಲ, ಮಾತು ಕಡಿಮೆ. ಆ ಬಂದರು ತಲುಪುವಾಗ ಅವರಿಗೆ ಜ್ವರ. ಅಂಟುರೋಗವೆಂದು ಬಂದರಿನವರು ದಡಕ್ಕೆ ಇಳಿಯಲೂ ಬಿಡಲಿಲ್ಲವಂತೆ, ಸತ್ತ ಮೇಲೆ ಹೂಳಲೂ ಬಿಡಲಿಲ್ಲವಂತೆ, ಮುದ್ರೆಯನ್ನು ಮಾತ್ರ ದೋಣಿಯಲ್ಲಿ ಕಳಿಸಿಕೊಟ್ಟರಂತೆ. ಅಣ್ಣತಮ್ಮಂದಿರು ಉಬ್ಬರವಿಲ್ಲದ ಹೊತ್ತು ನೋಡಿ ದೋಣಿಯಲ್ಲಿ ಹೋಗಿ, ದಡದಿಂದ ದೂರದ ಮರಳುದಿಬ್ಬದಲ್ಲಿ ಹೂಳಿ ಬಂದರು. ಒಂಬತ್ತು ವರ್ಷದ ಅತ್ತೆ ಹಡಗಿನ ಕಟಕಟೆ ಹಿಡಿದು ನೋಡುತ್ತಿದ್ದರು. "ಅವರು ವಾಪಸ್ಸು ಬಂದು ಕೈಕಾಲು ತೊಳ್ಕೊಳ್ಳೋಷ್ಟರಲ್ಲಿ ದಿಬ್ಬ ಇರ್ಲಿಲ್ಲ," ಎಂದರು. "ಬರೀ ನೀರು. ಊರಿನ ದೀಪ ಮಾತ್ರ ಚೆನ್ನಾಗಿ ಕಾಣ್ತಿತ್ತು." ಆರಡಿ ಮಣ್ಣು ಕೊಡದ ಊರು ಈಗ ಆ ಮನುಷ್ಯನ ಕೊಡತಿಗೆ ಗಾಜಿನ ಮನೆ ಕೊಡುತ್ತದೆ, ತನ್ನ ಹೆಮ್ಮೆಯ ಪರಂಪರೆ ಎನ್ನುತ್ತದೆ. ಪ್ರತಿ ವಸ್ತುವೂ ತನ್ನ ನೆಲಕ್ಕೆ! ಮಾನ್ಯರೇ, ಆ ನೆಲ ದಿನಕ್ಕೆ ಎರಡು ಸಲ ಮುಳುಗುತ್ತದೆ. ಅಲ್ಲಿ ಶಾಖೆ ತೆರೆಯುವುದಾದರೆ ನನ್ನ ಅಭ್ಯಂತರವಿಲ್ಲ.

ಅಂದು ಸಂಜೆ ಆರಕ್ಕೆ ಬಾಗಿಲು ಹಾಕುವ ಹೊತ್ತು. ಬೀಗದಣ್ಣ ಕುರ್ಚಿಯನ್ನು ಓಣಿಯಲ್ಲಿ ನಿಲ್ಲಿಸಿ, "ಒಂದ್ನಿಮಿಷ ಇರಿ, ನಿಮಗೊಂದು ಕೇಳಿಸ್ತೀನಿ," ಎಂದರು. ತಣ್ಣನೆಯ ಗಾಳಿಯ ಯಂತ್ರ ನಿಂತಿತು. ಕಟ್ಟಡಕ್ಕೇ ಉಸಿರು ಕಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ಎರಡನೆಯ ಕೋಣೆಯಲ್ಲಿ ಟಕ್ ಎಂದಿತು. ಆಮೇಲೆ ಮೂರರಲ್ಲಿ. ಆಮೇಲೆ ಐದರಲ್ಲಿ. ಕೊನೆಗೆ ದೂರದ ಏಳರಲ್ಲಿ.

"ದಿನಾ ಹೀಗೇ," ಎಂದರು ಬೀಗದಣ್ಣ. "ಒಬ್ಬರು ಕರೀತಾರೆ, ಒಬ್ಬರು ಓ ಅಂತಾರೆ. ನಾಲ್ಕಾದ ಮೇಲೆ ಸುಮ್ಮನೆ ಕಾಯ್ತಾವೆ. ಯಾರಿಗೆ ಅಂತ ಗೊತ್ತಿಲ್ಲ."

ಅತ್ತೆಯ ಬಲಗೈಯ ಬೆರಳು ಕುರ್ಚಿಯ ತೋಳಿನ ಮೇಲೆ, ನಾಲ್ಕರ ನಂತರ, ಒಂದು ಸಲ ಬಡಿಯಿತು.

ನಾನು ದೆವ್ವ ಭೂತ ನಂಬುವವಳಲ್ಲ. ಯಂತ್ರ ನಿಂತರೆ ತೇವ ಬದಲಾಗುತ್ತದೆ, ಒಣ ಮರ ಹಿಗ್ಗುತ್ತದೆ, ಸೀಳಿರುವ ಮರ ಸದ್ದು ಮಾಡುತ್ತದೆ. ಎರಡನೆಯ ಕೋಣೆ ಯಂತ್ರಕ್ಕೆ ಹತ್ತಿರ, ಏಳನೆಯದು ದೂರ. ಸರದಿಗೆ ಅಷ್ಟೇ ಕಾರಣ. ಮಾರನೆಯ ವಾರ ತೇವಮಾಪಕ ಇಟ್ಟುಕೊಂಡು ಹೋಗಿ ಅಳೆದೂ ನೋಡಿದೆ, ಲೆಕ್ಕ ಸರಿಯಾಗಿದೆ. ಸರಿಯಾದ ಲೆಕ್ಕದಿಂದ ಮನಸ್ಸಿಗೆ ನೆಮ್ಮದಿ ಬರಬೇಕಿತ್ತು. ಬದಲಿಗೆ, ಮನೆಯಲ್ಲಿ ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಎಲ್ಲಿಯಾದರೂ ನಾಲ್ಕು ಸದ್ದು ಒಂದರ ಹಿಂದೊಂದು ಕೇಳಿದರೆ ನಾನು ಈಗ ಐದನೆಯದಕ್ಕೆ ಕಾಯುತ್ತೇನೆ.

ಒಂದು ಸಂಜೆ ಬೀಗದಣ್ಣನನ್ನು ಕಾಡಿ ಬೇಡಿ ನೆಲಮಾಳಿಗೆಗೆ ಇಳಿದೆ. 'ಭೂಭಾಗ ತಿಳಿದಿಲ್ಲ' ಎಂಬ ಪೆಟ್ಟಿಗೆ ಕಪಾಟಿನ ಕೆಳ ಅಂತಸ್ತಿನಲ್ಲಿ, ನಾನಿಟ್ಟಲ್ಲೇ ಇತ್ತು. ಮಂಡಿಯೂರಿ ಮುಚ್ಚಳಕ್ಕೆ ಕಿವಿಯಿಟ್ಟು ಕುಳಿತೆ. ಆರು ಹೊಡೆಯಿತು. ಮೇಲೆ ಯಂತ್ರ ನಿಂತದ್ದು ತಿಳಿಯಿತು. ಮನಸ್ಸಿನಲ್ಲೇ ಎಣಿಸಿದೆ. ಪೆಟ್ಟಿಗೆಯಿಂದ ಏನೂ ಕೇಳಲಿಲ್ಲ. ಕೇಳಲು ಸಾಧ್ಯವಿರಲಿಲ್ಲ, ನೆಲಮಾಳಿಗೆಗೆ ಗಾಳಿಯ ಯಂತ್ರದ ಕೊಳವೆಯೇ ಇಲ್ಲ, ಅಲ್ಲಿನ ಮರ ವರ್ಷವಿಡೀ ಒಂದೇ ತೇವದಲ್ಲಿ ಇರುತ್ತದೆ. ಕೇಳಿದ್ದರೆ ಹೆದರುತ್ತಿದ್ದೆ ಎಂದುಕೊಂಡು ಹೋಗಿದ್ದೆ. ಕೇಳದೆ ಇದ್ದಾಗ ನನಗಾದದ್ದು ಹೆದರಿಕೆಗಿಂತ ಕೆಟ್ಟದ್ದು. ನಾಲ್ವರು ಅಣ್ಣಂದಿರು ಮಹಡಿಯಲ್ಲಿ ಹತ್ತೊಂಬತ್ತು ವರ್ಷ ಸರದಿ ತಪ್ಪದೆ ಕರೆದಿದ್ದಾರೆ, ಕಿರಿಯವನ ಬಾಯನ್ನು ನಾನು ನೆಲದಡಿಯಲ್ಲಿ ಕಟ್ಟಿಹಾಕಿದ್ದೇನೆ.

ನಾವು ಸುಮ್ಮನೆ ಕುಳಿತಿಲ್ಲ. ತಮ್ಮ ಯೋಜನೆಯಲ್ಲಿ 'ಸಮುದಾಯ ಭೇಟಿ' ಎಂಬ ಉದಾರ ನಿಯಮವಿದೆ. ವಸ್ತುವಿಗೆ ಸಂಬಂಧಪಟ್ಟ ಜನ ಅದನ್ನು ಹೊರತೆಗೆಸಿ ಮುಟ್ಟಬಹುದು, ಬಳಸಿ ನೋಡಬಹುದು, ತಿದ್ದುಪಡಿ ಕೇಳಬಹುದು. ಅತ್ತೆಯನ್ನು ಕರೆದುಕೊಂಡು ತಮ್ಮ ಕಚೇರಿಯ ಎರಡನೆಯ ಕಿಟಕಿಗೆ ಹೋದೆ. ಗುಮಾಸ್ತೆ ಒಳ್ಳೆಯ ಹುಡುಗಿ, ನಾಲ್ಕು ಬಣ್ಣದ ನಾಲ್ಕು ಫಾರಂ ಕೊಟ್ಟಳು.

"ನಾಲ್ಕು ಯಾಕಮ್ಮ? ಮನೆ ಒಂದೇ," ಎಂದರು ಅತ್ತೆ.

"ಭೂಭಾಗ ನಾಲ್ಕಲ್ವಾ ಅಜ್ಜಿ. ಒಂದೊಂದಕ್ಕೂ ನೀವು ಆ ಭೂಭಾಗದವರು ಅನ್ನೋದಕ್ಕೆ ದಾಖಲೆ ಬೇಕು."

"ನಾಲ್ಕು ಕಡೆ ಹುಟ್ಟೋಕೆ ನಮ್ಮಮ್ಮನಿಗೆ ಪುರುಸೊತ್ತು ಇರ್ಲಿಲ್ಲವಲ್ಲ, ಏನು ಮಾಡೋಣ?"

ಹುಡುಗಿ ನಕ್ಕಳು, ಆಮೇಲೆ ಪಾಪ, ಕಣ್ಣು ತಗ್ಗಿಸಿದಳು. "ಐದನೇದಕ್ಕೆ ಫಾರಂ ಇಲ್ಲ ಅಜ್ಜಿ. ಅದು ಯಾವ ಸಮುದಾಯಕ್ಕೂ ಸೇರಿಲ್ಲ ಅಂತಿದೆ."

"ನನಗೆ ಸೇರಿದೆ. ನಮ್ಮಪ್ಪಂದು."

"ಅಪ್ಪಂದು ಅಂತ ಕಾಲಮ್ಮಿಲ್ಲ ಅಜ್ಜಿ."

ಆ ಮಾತನ್ನು ನಾನು ಎಲ್ಲಿ ಕೇಳಿದ್ದೆನೆಂದು ಯೋಚಿಸಬೇಕಾಗಲಿಲ್ಲ. ಮೂರು ವಾರದ ನಂತರ ಉತ್ತರ ಬಂತು. ನಾಲ್ಕರಲ್ಲಿ ಒಂದಕ್ಕೆ ಒಪ್ಪಿಗೆ: ಉದ್ದ ದೊಡ್ಡಪ್ಪ ಸತ್ತ ಭೂಭಾಗದಲ್ಲೇ ಅತ್ತೆ ಹುಟ್ಟಿದ್ದು, ಆಕಸ್ಮಿಕವಾಗಿ. ಉಳಿದ ಮೂವರಿಗೂ ಅರ್ಜಿದಾರಳಿಗೂ 'ಸಾಂಸ್ಕೃತಿಕ ಸಂಬಂಧ ಸಾಬೀತಾಗಿಲ್ಲ'. ಅವರ ಹೆಗಲ ಮೇಲೆ ಕೂತು ಬಂದರುಗಳನ್ನು ನೋಡಿದ ಹುಡುಗಿಗೆ ಅವರೊಂದಿಗೆ ಸಂಬಂಧವಿಲ್ಲ. ಶವ ಇಳಿಸಲು ಬಿಡದ ಬಂದರಿಗೆ ಇದೆ. ಹಳೆಯ ಕಾರ್ಡನ್ನು ನೋಡಿ ಎಂದು ಬರೆದೆ. ಗಣಕೀಕರಣವಾದ ಮೇಲೆ ಕಾರ್ಡುಗಳನ್ನು ನಾಶಪಡಿಸಲಾಗಿದೆ ಎಂದಿರಿ. ಹಾಗಾದರೆ ಆ ಕಾರ್ಡಿನಲ್ಲಿ ಏನಿತ್ತೆಂದು ಬಲ್ಲವಳು ನಾನೊಬ್ಬಳೇ. ಅದನ್ನು ಕಣ್ಣಾರೆ ಕಂಡೂ ಕಡೆಗಣಿಸಿದೆ ಎಂದು ಇಲ್ಲಿ, ಎಲ್ಲರೆದುರು, ಬರೆದು ಕೊಡುತ್ತಿದ್ದೇನೆ. ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕೆಂದರೆ ಅತ್ತೆಯ ಕಿವಿಯೊಂದೇ ಇದೆ.

ಆ ಕಿವಿಯ ವಿಷಯಕ್ಕೇ ಈ ಪತ್ರದ ಅವಸರ. ಎಡಗಿವಿ ಆರು ತಿಂಗಳ ಹಿಂದೆ ಪೂರ್ತಿ ಹೋಯಿತು. ಬಲಗಿವಿ ಇಳಿಯುತ್ತಿದೆ. ಕಿವಿಯ ವೈದ್ಯರು ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿದರು, ಬೆಟ್ಟದಿಂದ ಇಳಿಯುವ ದಾರಿಯಂಥದ್ದು. "ವರ್ಷಾಂತ್ಯದವರೆಗೆ ಇರಬಹುದು, ಇರದೆಯೂ ಇರಬಹುದು," ಎಂದರು. ಈಗೀಗ ಅತ್ತೆ ಸಂಜೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ತುಟಿ ಅಲ್ಲಾಡಿಸುತ್ತಿರುತ್ತಾರೆ. ಏನೆಂದು ಕೇಳಿದರೆ, "ದನಿ ನೆನಪು ಮಾಡ್ಕೊತಿದೀನಿ. ನಗೆ ದೊಡ್ಡಪ್ಪಂದು ಜಾರಿ ಹೋಗ್ತಿದೆ ಕಣೇ," ಎನ್ನುತ್ತಾರೆ. ಈ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿದಾಗ ಒಂದೇ ಒಂದು ಕಡೆ ತಡೆದರು. ಮೊದಲು ನಾನು, ವಸ್ತುಗಳನ್ನು ಯಾರಿಗೂ ಕೊಡದೆ ನಮಗೆ ಕೊಡಿ ಎಂದು ಕೇಳಿದ್ದೆ. "ನಮಗೆ ಯಾಕೆ? ನಾನು ಇವತ್ತೋ ನಾಳೆಯೋ. ನಿನ್ನ ಮನೆಯಲ್ಲಿ ಇಡೋಕೆ ಜಾಗ ಎಲ್ಲಿದೆ? ಒಂದ್ಸಲ ಕೇಳಿಸಿ ಅನ್ನು, ಸಾಕು. ಆಮೇಲೆ ಒಟ್ಟಿಗೆ ಇಡಿ ಅನ್ನು. ಎಲ್ಲಾದರೂ ಇಡಲಿ," ಎಂದರು. ಆದ್ದರಿಂದ ಆ ಸಾಲನ್ನು ಹೊಡೆದು ಹಾಕಿದ್ದೇನೆ.

ನಮ್ಮ ಬೇಡಿಕೆ ಇದು. ಇಪ್ಪತ್ತೊಂದನೆಯ ತಾರೀಖು, ಅಂದರೆ ಪೆಟ್ಟಿಗೆಗಳು ಹೊರಡುವ ಹಿಂದಿನ ದಿನ, ಬೆಳಗ್ಗೆ ಹನ್ನೊಂದಕ್ಕೆ, ಐದೂ ಕೊಡತಿಗಳನ್ನು ಒಂದೇ ಕೋಣೆಯ ಒಂದೇ ಮೇಜಿನ ಮೇಲೆ ತರಿಸಿ. ಯಾವ ಕೋಣೆಯಾದರೂ ಸರಿ, ಓಣಿಯಾದರೂ ಸರಿ. ಹಳೆಯ ಹಡಗು ಬಡಗಿಯೊಬ್ಬರು ಬರಲು ಒಪ್ಪಿದ್ದಾರೆ, ಬಟ್ಟೆ ಸುತ್ತಿದ ಹಲಗೆಯ ಮೇಲೆ ಒಂದೊಂದನ್ನು ಒಂದೇ ಸಲ, ಹಗುರವಾಗಿ ಬಡಿಯುತ್ತಾರೆ. ಅತ್ತೆ ಬೆನ್ನು ಮಾಡಿ ಕುಳಿತು ಇದು ಯಾರು ಎಂದು ಹೇಳುತ್ತಾರೆ. ತಮ್ಮವರೇ ಯಾವ ಕ್ರಮದಲ್ಲಾದರೂ ಕೊಡಲಿ, ಎರಡು ಸಲ ಪರೀಕ್ಷಿಸಲಿ. ಅವರು ಹೇಳಿದ್ದು ತಪ್ಪಾದರೆ ಇಪ್ಪತ್ತೆರಡಕ್ಕೆ ಲಾರಿ ಹೊರಡಲಿ, ನಾನು ಬಾಯಿ ತೆರೆಯುವುದಿಲ್ಲ. ಸರಿಯಾದರೆ, ನನ್ನ ಸಹಿಯಿರುವ ಐದು ಫಾರಂಗಳನ್ನೂ ರದ್ದು ಮಾಡಿ, ಒಂದು ಹೊಸ ಫಾರಂ ತೆಗೆದು, 'ಒಂದು ಚೀಲ, ಐದು ಕೊಡತಿ, ಒಂದೇ ಮನೆಯವು' ಎಂದು ಬರೆಯಿರಿ. ಭೂಭಾಗದ ಕಾಲಮ್ಮು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲವೆಂದು ನನಗೆ ಗೊತ್ತು. ಅದು ಸ್ವಲ್ಪ ಹೊತ್ತು ನಿಲ್ಲಲಿ.

ಅನುಮತಿ ಬಂದರೂ ಬರದಿದ್ದರೂ ಆ ದಿನ ಅತ್ತೆಯ ಕುರ್ಚಿ ಹಿಡಿದು ತಮ್ಮ ಬಾಗಿಲಲ್ಲಿ ನಿಂತಿರುತ್ತೇನೆ. ತಾವು ಖುದ್ದಾಗಿ ಕೆಳಗೆ ಬಂದು, ಅವರು ಯಾವ ಕಡೆಯವರೆಂದು ಅವರನ್ನೇ ಕೇಳಬೇಕೆಂದು ಪ್ರಾರ್ಥನೆ. ಒಂದೇ ಸೂಚನೆ: ದಯವಿಟ್ಟು ಬಲಗಡೆ ನಿಂತು ಕೇಳಿ, ಸ್ವಲ್ಪ ಜೋರಾಗಿ.

ಇಂತಿ,
ಸರಿಯಾಗಿ ತುಂಬಿದ ಐದು ಫಾರಂಗಳಲ್ಲಿ ತಪ್ಪಿಗೆ ಸಹಿ ಹಾಕಿದ,
ತಮ್ಮ ಮಾಜಿ ಹಂಗಾಮಿ ಪಟ್ಟಿಕಾರ್ತಿ